ಬೆನ್ನ ಹಿಂದಿನ ಟೈರು



ಅಮೆರಿಕದಲ್ಲಿ ಬೇಸಿಗೆ ರಜೆ ಶುರುವಾಯಿತೆಂದರೆ ಹೆದ್ದಾರಿಗಳಲ್ಲಿ ಮನೆಗಳು ಓಡಾಡತೊಡಗುತ್ತವೆ. ಪಿಕಪ್ ಟ್ರಕ್ಕಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ, ಇಪ್ಪತ್ತೈದು ಮೂವತ್ತು ಅಡಿ ಉದ್ದದ ಟ್ರೇಲರುಗಳಿವು. ಒಳಗೆ ಗ್ಯಾಸ್ ಒಲೆ, ಫ್ರಿಜ್, ಮಂಚ, ಬಚ್ಚಲು ಎಲ್ಲ ಇರುತ್ತವೆ, ಎಂಜಿನ್ ಒಂದು ಇರುವುದಿಲ್ಲ. ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಊರಿನ ಸುತ್ತಮುತ್ತಲ ಕಾರ್ಖಾನೆಗಳಲ್ಲೇ ಇವುಗಳಲ್ಲಿ ಬಹುಪಾಲು ತಯಾರಾಗುತ್ತವೆ. ಕೋವಿಡ್ ಕಾಲದಲ್ಲಿ ವಿಮಾನವೂ ಬೇಡ, ಹೋಟೆಲೂ ಬೇಡ ಎಂದುಕೊಂಡ ಜನ ಇವುಗಳಿಗೆ ಮುಗಿಬಿದ್ದರು. 2021ರ ಒಂದೇ ವರ್ಷದಲ್ಲಿ, ಎಂಜಿನ್ ಇರುವವೂ ಸೇರಿ, 6 ಲಕ್ಷ ಇಂಥ ಓಡಾಡುವ ಮನೆಗಳು ಕಾರ್ಖಾನೆಗಳಿಂದ ಹೊರಬಂದವು. ಅವುಗಳಲ್ಲಿ ಹೆಚ್ಚಿನವು ಎಳೆದುಕೊಂಡು ಹೋಗುವಂಥವೇ.

ಅಲ್ಲಿ ನೆಲೆಸಿರುವ ನಮ್ಮ ಕನ್ನಡದ ಮಕ್ಕಳೂ ಈ ಸಂಚಾರಕ್ಕೆ ಬಿದ್ದಿದ್ದಾರೆ. ಕೆಲವರು ಬಾಡಿಗೆಗೆ ತರುತ್ತಾರೆ, ಕೆಲವರು ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಾರೆ. ಊರಿಂದ ಹೋದ ಅಪ್ಪ ಅಮ್ಮನನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಗ್ರ್ಯಾಂಡ್ ಕ್ಯಾನಿಯನ್ ಕಡೆಗೋ ಯೆಲ್ಲೋಸ್ಟೋನ್ ಕಡೆಗೋ ಹೊರಡುತ್ತಾರೆ. ದಾರಿಯಲ್ಲಿ ಉಪ್ಪಿಟ್ಟು, ಚಿತ್ರಾನ್ನ, ಕಾಫಿ ಎಲ್ಲ ಮನೆಯದೇ. ಆ ಸಂತೋಷವನ್ನು ನಾನೂ ಉಂಡವನು. ಅರಿಜೋನಾದ ಫೀನಿಕ್ಸ್ ನಗರದಲ್ಲಿ ಬಹುಕಾಲ ಇದ್ದು, ಟ್ರೇಲರ್ ಎಳೆದು ಬಲ್ಲವನು. ಆದ್ದರಿಂದಲೇ ಇವತ್ತು ಆ ಪ್ರಯಾಣದ ಅತಿ ಅಪಾಯದ ಸಂಗತಿಯನ್ನು ಕುರಿತು ಮಾತಾಡುತ್ತಿದ್ದೇನೆ. ಅದು ಟ್ರೇಲರಿನ ಟೈರು ಹೆದ್ದಾರಿಯಲ್ಲಿ ಸಿಡಿಯುವುದು.

ಟೈರು ಸಿಡಿದವರೆಲ್ಲ ಹೇಳುವ ಮಾತು ಒಂದೇ: "ಚೆನ್ನಾಗೇ ಇತ್ತು, ಇದ್ದಕ್ಕಿದ್ದ ಹಾಗೆ ಡಬ್ ಅಂತು." ಇದ್ದಕ್ಕಿದ್ದ ಹಾಗೆ ಆಗುವುದು ಸದ್ದು ಮಾತ್ರ. ಒಳಗಿನ ಹಾನಿ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ನಡೆದಿರುತ್ತದೆ. ಅದರಲ್ಲಿ ಒಂದು ಪಾಲು ರಸ್ತೆಯಲ್ಲೇ ನಡೆದಿರುವುದಿಲ್ಲ, ಮನೆಯ ಮುಂದೆ ಟ್ರೇಲರ್ ಸುಮ್ಮನೆ ನಿಂತಿದ್ದಾಗ ನಡೆದಿರುತ್ತದೆ.

ಟೈರಿನೊಳಗೆ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ನೆಲಕ್ಕೆ ತಾಗುವ ಕಡೆ ಟೈರು ಕೊಂಚ ಚಪ್ಪಟೆಯಾಗುತ್ತದೆ, ನೆಲ ಬಿಟ್ಟ ಮೇಲೆ ಮತ್ತೆ ದುಂಡಗಾಗುತ್ತದೆ. ಪ್ರತಿ ಸುತ್ತಿಗೂ ಹೀಗೆ ಬಾಗಿ ಸರಿಹೋಗಬೇಕು. ಹದಿನಾರು ಇಂಚು ರಿಮ್ಮಿನ ಟ್ರೇಲರ್ ಟೈರು ಗಂಟೆಗೆ 105 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು ಹನ್ನೆರಡು ಸುತ್ತು ತಿರುಗುತ್ತದೆ. ಗಂಟೆಯ ಲೆಕ್ಕ ಹಾಕಿದರೆ 42 ಸಾವಿರ ಸುತ್ತು ದಾಟುತ್ತದೆ. ಕಬ್ಬಿಣದ ತಂತಿಯನ್ನು ಒಂದೇ ಜಾಗದಲ್ಲಿ ಅತ್ತಿತ್ತ ಬಗ್ಗಿಸುತ್ತಾ ಹೋಗಿ ನೋಡಿ. ಮೊದಲು ಬೆರಳಿಗೆ ಬಿಸಿ ತಾಗುತ್ತದೆ, ಆಮೇಲೆ ತಂತಿ ತುಂಡಾಗುತ್ತದೆ. ಟೈರಿಗಾಗುವುದೂ ಅದೇ. ಗಾಳಿ ಸರಿಯಾಗಿದ್ದರೆ ಬಾಗುವುದು ಕಡಿಮೆ. ಗಾಳಿ ಇಳಿದಷ್ಟೂ ಬಾಗುವುದು ಹೆಚ್ಚು, ಬಿಸಿಯೂ ಹೆಚ್ಚು. ಆ ಬಿಸಿ ಹೆಚ್ಚಾಗಿ ಸೇರುವುದು ಟೈರಿನ ಒಳಗಿರುವ ಉಕ್ಕಿನ ತಂತಿಯ ಪಟ್ಟಿಯ ಅಂಚಿನಲ್ಲಿ. ಅಲ್ಲಿ ರಬ್ಬರಿಗೂ ಉಕ್ಕಿಗೂ ಇರುವ ಹಿಡಿತ ಸಡಿಲವಾಗಿ ಸಣ್ಣ ಸೀಳು ಹುಟ್ಟುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಸೀಳು ಬೆಳೆದು ಬೆಳೆದು, ಒಂದು ದಿನ ನೆಲಕ್ಕೆ ತಾಗುವ ಇಡೀ ಪಟ್ಟಿಯೇ ಸುಲಿದುಕೊಂಡು ಬರುತ್ತದೆ.

ಇಲ್ಲಿ ನಮ್ಮ ಕಡೆಯ ಒಂದು ನಂಬಿಕೆಯನ್ನು ಹೇಳಲೇಬೇಕು. ಬೇಸಿಗೆಯಲ್ಲಿ ಟೈರಿಗೆ ಗಾಳಿ ಸ್ವಲ್ಪ ಕಡಿಮೆ ಹಾಕಿಸಬೇಕು, ಇಲ್ಲದಿದ್ದರೆ ಬಿಸಿಗೆ ಉಬ್ಬಿ ಸಿಡಿಯುತ್ತದೆ ಎಂದು ನಮ್ಮ ಎಷ್ಟೋ ಡ್ರೈವರುಗಳು ನಂಬಿದ್ದಾರೆ. ಅಮೆರಿಕದಲ್ಲೂ ಈ ಮಾತು ಹೇಳುವವರಿದ್ದಾರೆ. ದಯವಿಟ್ಟು ಇದನ್ನು ನಂಬಬೇಡಿ. ಬಿಸಿಲಿಗೆ ಗಾಳಿಯ ಒತ್ತಡ ಏರುವುದು ನಿಜ. ಉಷ್ಣತೆ ಐದೂವರೆ ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಶೇಕಡಾ ಎರಡರಷ್ಟು ಏರುತ್ತದೆ. ಆ ಏರಿಕೆಯನ್ನು ತಾಳುವ ಹಾಗೆಯೇ ಟೈರನ್ನು ಮಾಡಿರುತ್ತಾರೆ. ತಾಳಲಾರದ್ದು ಗಾಳಿ ಕಡಿಮೆಯಾಗಿ ಬಾಗಿ ಬಾಗಿ ಒಳಗೇ ಹುಟ್ಟುವ ಬಿಸಿಯನ್ನು. ಬೇಸಿಗೆಯೆಂದು ಗಾಳಿ ಇಳಿಸುವವನು ಯಾವ ಅಪಾಯಕ್ಕೆ ಹೆದರಿದನೋ ಅದನ್ನೇ ಕರೆದು ತರುತ್ತಾನೆ. ಬೆಳಿಗ್ಗೆ ಬಿಸಿಲು ಬೀಳುವ ಮೊದಲು, ಗಾಡಿ ಓಡಿಸುವ ಮೊದಲು, ತಣ್ಣಗಿರುವ ಟೈರಿಗೆ ಗೇಜು ಹಿಡಿದು ನೋಡಬೇಕು. ದಾರಿಯಲ್ಲಿ ನಿಲ್ಲಿಸಿದಾಗ ಒತ್ತಡ ಏರಿರುವುದು ಕಂಡರೂ ಗಾಳಿ ಬಿಡಬಾರದು.

ಕಾರಿನ ಟೈರಿಗಿಂತ ಟ್ರೇಲರಿನ ಟೈರಿಗೆ ಕಷ್ಟ ಹೆಚ್ಚು. ಕಾರಿನ ಮುಂದಿನ ಗಾಲಿಗಳು ಸ್ಟೀರಿಂಗ್ ತಿರುಗಿಸಿದ ಕಡೆ ತಿರುಗುತ್ತವೆ. ಟ್ರೇಲರಿಗೆ ಸಾಮಾನ್ಯವಾಗಿ ಎರಡು ಅಚ್ಚು, ಒಂದರ ಹಿಂದೆ ಒಂದು, ಹತ್ತಿರ ಹತ್ತಿರ. ಎರಡೂ ತಿರುಗುವಂಥವಲ್ಲ. ಹಾಗಾಗಿ ತಿರುವಿನಲ್ಲಿ ಟೈರುಗಳು ಉರುಳುವುದರ ಜೊತೆಗೆ ಅಡ್ಡಡ್ಡಲಾಗಿ ನೆಲವನ್ನು ಉಜ್ಜುತ್ತವೆ. ಬಿಡಾರದ ಜಾಗಕ್ಕೆ ರಿವರ್ಸ್ ಹಾಕಿ ಚೂಪಾಗಿ ತಿರುಗಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಮುಂದಿನ ಟೈರು ಒಂದು ಕಡೆಗೆ, ಹಿಂದಿನದು ಇನ್ನೊಂದು ಕಡೆಗೆ ಸೊಟ್ಟಗಾಗಿ, ರಿಮ್ಮಿನಿಂದ ಕಳಚಿಬರುತ್ತದೋ ಎಂಬಂತೆ ವಾಲಿರುತ್ತದೆ. ಈ ಎಳೆದಾಟ ತಾಗುವುದೂ ಆ ಉಕ್ಕಿನ ಪಟ್ಟಿಯ ಅಂಚಿಗೇ.

ಇದಕ್ಕಾಗಿಯೇ ಟ್ರೇಲರುಗಳಿಗೆ 'ಎಸ್‌ಟಿ' ಎಂದು ಒತ್ತಿದ ಬೇರೆ ಜಾತಿಯ ಟೈರುಗಳಿವೆ. ಇವುಗಳ ಪಕ್ಕದ ಗೋಡೆ ಬಿರುಸು, ಭಾರ ಹೊರುವ ಶಕ್ತಿ ಹೆಚ್ಚು. ಮೇಲೆ ಹೇಳಿದ ಹದಿನಾರು ಇಂಚಿನ ಟೈರು, ಭಾರ ಹೊರುವ ಲೆಕ್ಕದಲ್ಲಿ 'ಇ' ದರ್ಜೆಯದಾದರೆ, 80 ಪೌಂಡು ಒತ್ತಡದ ಗಾಳಿಯಲ್ಲಿ ಸುಮಾರು 1,600 ಕಿಲೋ ಹೊರುತ್ತದೆ. ಆದರೆ ಈ ಬಲ ವೇಗವನ್ನು ಬಿಟ್ಟುಕೊಟ್ಟು ಗಳಿಸಿದ್ದು. ಬೇರೆ ಗುರುತಿಲ್ಲದ ಎಸ್‌ಟಿ ಟೈರು ಗಂಟೆಗೆ 65 ಮೈಲಿ, ಅಂದರೆ 105 ಕಿಲೋಮೀಟರ್ ಮೀರಿ ಓಡಬಾರದು ಎಂಬುದು ಬಹುಕಾಲದ ಕಟ್ಟಳೆ. ಅರಿಜೋನಾದ ಹೊರವಲಯದ ಹೆದ್ದಾರಿಗಳಲ್ಲಿ 75 ಮೈಲಿಯ ಫಲಕವಿರುತ್ತದೆ. ಹೊಸ ಟ್ರಕ್ಕುಗಳು ನಾಲ್ಕು ಟನ್ ಎಳೆದುಕೊಂಡೂ ಸಲೀಸಾಗಿ ಆ ವೇಗಕ್ಕೆ ಏರುತ್ತವೆ. ಟ್ರಕ್ಕಿನ ಟೈರಿಗೆ ಅದು ಏನೂ ಅಲ್ಲ, ಹಿಂದಿನವಕ್ಕೆ ಅದು ಮಿತಿ ಮೀರಿದ ವೇಗ. ಈಚಿನ ವರ್ಷಗಳಲ್ಲಿ ಹೆಚ್ಚಿನ ವೇಗ ತಾಳುವ, ಎಲ್, ಎಮ್, ಎನ್ ಎಂಬ ಅಕ್ಷರ ಒತ್ತಿದ ಎಸ್‌ಟಿ ಟೈರುಗಳೂ ಬಂದಿವೆ. ಹಳೆಯವುಗಳಿಗಿಂತ ಅವು ಖಂಡಿತ ಮೇಲು. ಹಾಗಿದ್ದರೂ ಕ್ಯಾಲಿಫೋರ್ನಿಯಾದಲ್ಲಿ ಏನನ್ನೇ ಎಳೆದುಕೊಂಡು ಹೋಗುವವರಿಗೆ 55 ಮೈಲಿಯೇ ಗರಿಷ್ಠ ಮಿತಿ. ಬೈದುಕೊಂಡು ಪಾಲಿಸುವವರಿದ್ದಾರೆ. ನನ್ನನ್ನು ಕೇಳಿದರೆ, ಅದು ಎಲ್ಲ ರಾಜ್ಯಗಳಲ್ಲೂ ಇರಬೇಕಾಗಿದ್ದ ಕಾನೂನು.

ಇನ್ನು ಭಾರದ ಮಾತು. ಟ್ರೇಲರ್ ತುಂಬಿಸುವಾಗ ನಾವು ಯಾರೂ ತೂಕದ ಲೆಕ್ಕ ಇಡುವುದಿಲ್ಲ. ನೀರಿನ ಟ್ಯಾಂಕು ತುಂಬಿಸಿದರೆ ಐವತ್ತು ಗ್ಯಾಲನ್, ಅಷ್ಟಕ್ಕೇ 190 ಕಿಲೋ ಆಯಿತು. ಅಕ್ಕಿ, ಬೇಳೆ, ಕುಕ್ಕರು, ಮಡಚುವ ಕುರ್ಚಿ, ಮಕ್ಕಳ ಸೈಕಲ್ಲು ಒಂದೊಂದಾಗಿ ಒಳಗೆ ಹೋಗುತ್ತವೆ. ಅಡುಗೆಮನೆ ಒಂದೇ ಪಕ್ಕದಲ್ಲಿದ್ದರೆ ಆ ಕಡೆಯ ಟೈರುಗಳ ಮೇಲೆ ಹೆಚ್ಚು ಭಾರ. ಇದರ ಜೊತೆಗೆ, ಬಹಳ ವರ್ಷ ಟ್ರೇಲರ್ ಕಾರ್ಖಾನೆಗಳೂ ಕೈಬಿಗಿ ಹಿಡಿದು, ತುಂಬಿದ ಭಾರಕ್ಕೆ ಅಂಚಿಗಂಚು ಸರಿಹೋಗುವ ಟೈರುಗಳನ್ನೇ ಹಾಕಿ ಕಳಿಸುತ್ತಿದ್ದವು. ಸಾವಿರಾರು ಡಾಲರಿನ ಮನೆಗೆ ಕಡಿಮೆ ಬೆಲೆಯ ಟೈರು ಹಾಕುವುದು ನನ್ನ ಮಟ್ಟಿಗೆ ಕ್ಷಮಿಸಲಾಗದ ಕೆಲಸ. ಕೊಂಡವನಿಗೆ ಅಡುಗೆಮನೆಯ ಕಲ್ಲು ಯಾವುದೆಂದು ತೋರಿಸುತ್ತಾರೆ, ಟೈರಿನ ದರ್ಜೆ ಯಾವುದೆಂದು ಯಾರೂ ಬಗ್ಗಿ ತೋರಿಸುವುದಿಲ್ಲ.

ತೂಕ ನೋಡುವುದು ಕಷ್ಟವೇನಲ್ಲ. ಅಲ್ಲಿನ ಲಾರಿ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಡ್ಜ್‌ಗಳಿರುತ್ತವೆ. ಹೊರಟ ದಿನವೇ, ನೀರು ಸಾಮಾನು ಎಲ್ಲ ತುಂಬಿದ ಮೇಲೆ, ಅದರ ಮೇಲೆ ನಿಲ್ಲಿಸಿದರೆ ಅಚ್ಚುಗಳ ಮೇಲೆ ಎಷ್ಟು ಭಾರವಿದೆ ಎಂಬ ಚೀಟಿ ಕೊಡುತ್ತಾರೆ. ಟೈರಿನ ಮೇಲೆ ಒತ್ತಿರುವ ಅಂಕಿಗೂ ಆ ಚೀಟಿಗೂ ನಡುವೆ ಒಳ್ಳೆಯ ಅಂತರ ಇರಬೇಕು. ಅಂತರ ಇಲ್ಲದಿದ್ದರೆ ಒಂದು ದರ್ಜೆ ಮೇಲಿನ ಟೈರು ಹಾಕಿಸಬೇಕು, ಇಲ್ಲವೇ ಸಾಮಾನು ಇಳಿಸಬೇಕು. ಮೇಲಿನ ದರ್ಜೆಯ ಟೈರು ಹಾಕಿಸುವಾಗ ರಿಮ್ಮು ಅಷ್ಟು ಒತ್ತಡ ತಾಳುತ್ತದೆಯೇ ಎಂದು ಕೇಳಿ. ಗಾಳಿ ಹಾಕುವ ಮೂತಿಯ ವಾಲ್ವನ್ನೂ ನೋಡಿ. ಮಾಮೂಲಿ ರಬ್ಬರಿನ ವಾಲ್ವ್ 65 ಪೌಂಡಿನವರೆಗೆ ಮಾತ್ರ. 80 ಪೌಂಡು ತುಂಬುವ ಟೈರಿಗೆ ಅದಕ್ಕೆಂದೇ ಮಾಡಿದ ವಾಲ್ವ್ ಬೇಕು. ಈ ಪುಟ್ಟ ವಸ್ತುವಿನಿಂದ ಒಳ್ಳೆಯ ಟೈರುಗಳು ಹಾಳಾಗಿರುವುದುಂಟು.

ಈಗ ಟೈರಿನ ವಯಸ್ಸಿನ ವಿಚಾರ. ಅದಕ್ಕೆ ಫೀನಿಕ್ಸಿನ ದಿನಗಳ ಒಂದು ಪ್ರಸಂಗ ಹೇಳುತ್ತೇನೆ. ಫೀನಿಕ್ಸಿನ ಸೆಖೆ ಎಂಥದೆಂದರೆ, 2023ರ ಬೇಸಿಗೆಯಲ್ಲಿ ಸತತವಾಗಿ 31 ದಿನ ಅಲ್ಲಿ 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು ಅಥವಾ ದಾಟಿತ್ತು. ಸೆಖೆ ತಾಳದೆ ಜನ ಟ್ರೇಲರ್ ಕಟ್ಟಿಕೊಂಡು ಉತ್ತರಕ್ಕೆ ಫ್ಲ್ಯಾಗ್‌ಸ್ಟಾಫ್‌ಗೆ ಓಡುತ್ತಾರೆ. ದೂರ ಸುಮಾರು 230 ಕಿಲೋಮೀಟರ್. 330 ಮೀಟರ್ ಎತ್ತರದಿಂದ 2,100 ಮೀಟರಿಗೆ ಏರುವ ದಾರಿ. ಕಾದ ಡಾಂಬರು, ತುಂಬಿದ ಭಾರ, ಉದ್ದ ಏರು, ನಡುವೆ ಕಡಿದಾದ ಇಳಿಜಾರು. ಟೈರಿನಲ್ಲಿ ಕೊರತೆಯಿದ್ದರೆ ಅದು ಹೊರಬೀಳುವುದಕ್ಕೆ ಇದಕ್ಕಿಂತ ಬೇರೆ ದಾರಿ ಬೇಡ.

ಒಮ್ಮೆ ಎರಡು ಮೂರು ಕುಟುಂಬದವರು ಕೂಡಿ ಆ ದಾರಿಯಲ್ಲಿ ಹೊರಟಿದ್ದೆವು. ಹಾಸನದ ಕಡೆಯ ಹುಡುಗನೊಬ್ಬ ಸೆಕೆಂಡ್ ಹ್ಯಾಂಡ್ ಟ್ರೇಲರ್ ಕೊಂಡ ಹೊಸತು. ಕ್ಯಾಂಪ್ ವರ್ಡೆ ಎಂಬ ಊರು ದಾಟಿದ ಮೇಲಿನ ಏರಿನಲ್ಲಿ ಅವನ ಎಡಗಡೆಯ ಹಿಂದಿನ ಟೈರು ಹೋಯಿತು. ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದ್ದ. ಹತ್ತಿರ ಹೋಗಿ ನೋಡಿದರೆ, ರಿಮ್ಮಿಗೆ ಪಕ್ಕದ ಗೋಡೆಗಳು ಮಾತ್ರ ಅಂಟಿಕೊಂಡಿವೆ, ಕಿತ್ತ ಉಕ್ಕಿನ ತಂತಿಗಳು ಕೂದಲಿನ ಹಾಗೆ ಕೆದರಿವೆ. ಗಾಲಿಯ ಮೇಲಿನ ತಗಡು ಇಲ್ಲವೇ ಇಲ್ಲ. ಸುಲಿದು ಬಂದ ಪಟ್ಟಿ ಸುತ್ತುತ್ತಾ ಚಾವಟಿಯ ಹಾಗೆ ಬಡಿದು ಟ್ರೇಲರಿನ ನೆಲವನ್ನು ತೂತು ಮಾಡಿತ್ತು. ಸಿಂಕಿನ ಪೈಪು ತುಂಡಾಗಿ ನೀರು ಸುರಿಯುತ್ತಿತ್ತು, ಬ್ರೇಕಿನ ವೈರು ಜೋತು ಬಿದ್ದಿತ್ತು. ಗ್ಯಾಸಿನ ಕೊಳವೆ ಅಲ್ಲಿಂದ ಗೇಣು ದೂರದಲ್ಲಿ ಹಾದುಹೋಗಿತ್ತು.

"ಅಂಕಲ್, ಕೊಳ್ಳುವಾಗ ನೋಡಿದ್ದೆ. ಗ್ರಿಪ್ ಹೊಸ ಟೈರಿನ ಹಾಗೇ ಇತ್ತಲ್ಲ!" ಎಂದ.

"ಗ್ರಿಪ್ ಬಿಡಪ್ಪ, ಅದು ಹುಟ್ಟಿದ್ದು ಯಾವಾಗ ನೋಡೋಣ," ಎಂದು ಟಾರ್ಚ್ ತಂದೆ.

ಟೈರಿನ ಪಕ್ಕದ ಗೋಡೆಯ ಮೇಲೆ ಡಿ, ಒ, ಟಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2311 ಎಂದಿದ್ದರೆ 2011ನೇ ಇಸವಿಯ 23ನೇ ವಾರ. ತೊಂದರೆ ಏನೆಂದರೆ, ಈ ಪೂರ್ತಿ ಸಾಲು ಟೈರಿನ ಒಂದೇ ಪಕ್ಕದಲ್ಲಿ ಇದ್ದರೆ ಸಾಕು ಎಂದು ನಿಯಮವಿದೆ. ಅದು ಒಳಮುಖವಾಗಿ ಕೂತಿದ್ದರೆ ಟ್ರೇಲರಿನ ಅಡಿಗೆ ತೂರಿಯೇ ಓದಬೇಕು. ನಾವೂ ತೂರಿ ಓದಿದೆವು. ಆ ಟೈರಿಗೆ ಎಂಟು ವರ್ಷ ದಾಟಿತ್ತು. ಉಳಿದ ಮೂರೂ ಅದೇ ವಯಸ್ಸಿನವು.

ಕಾರಿನ ಟೈರು ಓಡಿ ಸವೆಯುತ್ತದೆ, ಟ್ರೇಲರಿನದು ನಿಂತೇ ಹಾಳಾಗುತ್ತದೆ. ಬಿಸಿಲು ಮತ್ತು ಗಾಳಿಯಲ್ಲಿನ ಓಜೋನ್ ರಬ್ಬರನ್ನು ಒಣಗಿಸಿ ಬಿರುಕು ಬಿಡಿಸುತ್ತವೆ. ಇದನ್ನು ತಡೆಯಲು ರಬ್ಬರಿನೊಳಗೆ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಟೈರು ಉರುಳಿ ಬಾಗುತ್ತಿದ್ದರೆ ಅವು ಮೇಲಕ್ಕೆ ಜಿನುಗಿ ಕಾಪಾಡುತ್ತವೆ. ವರ್ಷದಲ್ಲಿ ಹತ್ತು ತಿಂಗಳು ನಿಂತಲ್ಲೇ ನಿಂತರೆ ಆ ಜಿನುಗುವಿಕೆಯೂ ಇಲ್ಲ. ಆದ್ದರಿಂದ ಗ್ರಿಪ್ ಎಷ್ಟೇ ಇರಲಿ, ಐದಾರು ವರ್ಷಕ್ಕೆ ಟ್ರೇಲರಿನ ಟೈರು ಬದಲಾಯಿಸುವುದು ಬಲ್ಲವರ ಪದ್ಧತಿ. ನಿಲ್ಲಿಸಿದಾಗ ಟೈರುಗಳಿಗೆ ಬಟ್ಟೆಯ ಮುಸುಕು ಹಾಕಿ ಬಿಸಿಲು ತಪ್ಪಿಸಬೇಕು. ಸ್ಟೆಪ್ನಿಗೂ ವಯಸ್ಸಾಗುತ್ತದೆ ಎಂಬುದನ್ನು ನೆನಪಿಡಿ. ಟ್ರೇಲರಿನ ಹಿಂಭಾಗದಲ್ಲಿ ನೇತು ಹಾಕಿದ ಸ್ಟೆಪ್ನಿಯನ್ನು ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ.

ಟೈರಿನಿಂದಾದ ಸಾವುಗಳು ಅಮೆರಿಕವನ್ನು ಅಲುಗಾಡಿಸಿದ ಒಂದು ಕಾಲವಿತ್ತು. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಿಗೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳು ಓಡುತ್ತಿರುವಾಗಲೇ ಪಟ್ಟಿ ಸುಲಿದು, ಗಾಡಿಗಳು ಮಗುಚಿ, ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2000ದ ಆಗಸ್ಟಿನಲ್ಲಿ ಲಕ್ಷಗಟ್ಟಲೆ ಟೈರುಗಳನ್ನು ವಾಪಸು ತೆಗೆದುಕೊಂಡರು. ಮೊದಲು ಬದಲಾಯಿಸಿ ಕೊಟ್ಟದ್ದು ಅರಿಜೋನಾ, ಕ್ಯಾಲಿಫೋರ್ನಿಯಾ, ಫ್ಲೋರಿಡಾ, ಟೆಕ್ಸಾಸ್ ರಾಜ್ಯಗಳಲ್ಲಿ, ಬಿಸಿಲಿನ ನಾಡುಗಳಲ್ಲಿ. ಆ ಟೈರಿಗೆ ಫೋರ್ಡ್ ಹೇಳಿದ್ದ ಗಾಳಿ ಕೇವಲ 26 ಪೌಂಡು ಎಂಬುದೂ ದೊಡ್ಡ ವಾಗ್ವಾದವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಟ್ರೆಡ್ ಕಾಯಿದೆ ಬಂತು. ಅದರ ಫಲವಾಗಿ ಟೈರುಗಳಿಗೆ ಹೆಚ್ಚು ಕಠಿಣವಾದ ಪರೀಕ್ಷೆಗಳು ಬಂದವು. ಗಾಳಿ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುವ ವ್ಯವಸ್ಥೆ 2007ರ ಸೆಪ್ಟೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು.

ಆದರೆ ಟ್ರೇಲರ್ ಈ ಎರಡರಿಂದಲೂ ಹೊರಗುಳಿಯಿತು. ಆ ಹೊಸ ಪರೀಕ್ಷೆಗಳ ನಿಯಮ ಎಸ್‌ಟಿ ಟೈರುಗಳಿಗೆ ಅನ್ವಯಿಸಲಿಲ್ಲ, ಗಾಳಿಯ ದೀಪದ ನಿಯಮ ಟ್ರೇಲರುಗಳಿಗೆ ಅನ್ವಯಿಸಲಿಲ್ಲ. ಯಾವುದರ ಟೈರು ಸಿಡಿದರೆ ಡ್ರೈವರಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲವೋ ಅದನ್ನೇ ಕಾನೂನು ಬಿಟ್ಟುಬಿಟ್ಟಿತು. ಇದು ನನಗೆ ಇಂದಿಗೂ ನೋವು ತರುವ ಸಂಗತಿ.

ಗೊತ್ತಾಗುವುದಿಲ್ಲ ಎಂದೆ. ಅದು ಹೇಗೆಂದರೆ, ಒಂದು ಪಕ್ಕಕ್ಕೆ ಎರಡು ಗಾಲಿಗಳಿರುವುದರಿಂದ ಒಂದು ಸಿಡಿದರೂ ಟ್ರೇಲರ್ ವಾಲುವುದಿಲ್ಲ, ಪಕ್ಕದ್ದು ಹೊತ್ತು ನಿಲ್ಲುತ್ತದೆ. ದೊಡ್ಡ ಟ್ರಕ್ಕಿನ ಒಳಗೆ ಎಸಿ, ಹಾಡು, ಮಕ್ಕಳ ಗಲಾಟೆ. ಕೆಲವರಿಗೆ ತಿಳಿಯುವುದು ಪಕ್ಕದ ಗಾಡಿಯವರು ಹಾರನ್ ಹೊಡೆದು ಕೈ ತೋರಿಸಿದಾಗ ಮಾತ್ರ. ಅಷ್ಟರಲ್ಲಿ ಒಂಟಿಯಾಗಿ ಎರಡು ಟೈರಿನ ಭಾರ ಹೊತ್ತ ಇನ್ನೊಂದೂ ಕಾದು ಸಿಡಿಯುತ್ತದೆ. ಎರಡೂ ಹೋದ ಮೇಲೆ ಟ್ರೇಲರ್ ಹಿಡಿತಕ್ಕೆ ಸಿಗುವುದು ಕಷ್ಟ.

ಆದ್ದರಿಂದ ನಮ್ಮ ಖರ್ಚಿನಲ್ಲೇ ಆದರೂ ಗಾಳಿ ತೋರಿಸುವ ಸೆನ್ಸರುಗಳನ್ನು ಹಾಕಿಕೊಳ್ಳಬೇಕು. ವಾಲ್ವಿನ ಮುಚ್ಚಳದ ಜಾಗಕ್ಕೆ ತಿರುಪಿ ಕೂರಿಸುವ ಗುಂಡಿಗಳಿವು. ಡ್ರೈವರ್ ಮುಂದಿನ ಪುಟ್ಟ ಪರದೆಯಲ್ಲಿ ಒಂದೊಂದು ಟೈರಿನ ಒತ್ತಡವೂ ಬಿಸಿಯೂ ಕಾಣುತ್ತವೆ. ಮೊಳೆ ಹೊಕ್ಕು ನಿಧಾನವಾಗಿ ಗಾಳಿ ಇಳಿಯುವುದನ್ನು ಇವು ಖಂಡಿತ ಹಿಡಿಯುತ್ತವೆ. ಆದರೆ ಒಳಗೆ ಪಟ್ಟಿ ಸುಲಿಯುತ್ತಿರುವುದನ್ನು ಹಿಡಿಯಲಾರವು, ಏಕೆಂದರೆ ಕೊನೆಯ ಗಳಿಗೆಯ ತನಕ ಗಾಳಿ ಪೂರ್ತಿ ಇರುತ್ತದೆ. ಅದಕ್ಕೆ ಕಣ್ಣು ಮತ್ತು ಕೈಯೇ ಬೇಕು. ಎರಡು ಗಂಟೆಗೊಮ್ಮೆ ನಿಲ್ಲಿಸಿ ಸುತ್ತು ಹಾಕಿ. ಟೈರಿನ ಮೇಲ್ಮೈಯನ್ನು ಅಂಗೈಯಿಂದ ಸವರಿ ನೋಡಿ. ಎಲ್ಲಾದರೂ ಉಬ್ಬು ಸಿಕ್ಕಿದರೆ, ಒಂದು ಭಾಗ ಮಾತ್ರ ಹೆಚ್ಚು ಸವೆದಿದ್ದರೆ, ಅಲ್ಲಿಂದ ಮುಂದಕ್ಕೆ ಹೋಗಬೇಡಿ. ಉಳಿದವುಗಳಿಗಿಂತ ಒಂದು ಟೈರು ಬಹಳ ಬಿಸಿಯಾಗಿದ್ದರೂ ಹಾಗೆಯೇ.

ಸಿಡಿದೇ ಬಿಟ್ಟರೆ? ಮೊದಲ ಪ್ರೇರಣೆ ಬ್ರೇಕಿನ ಮೇಲೆ ಕಾಲಿಡುವುದು. ಅದನ್ನೇ ಮಾಡಬಾರದು. ಗಟ್ಟಿ ಬ್ರೇಕ್ ಹಾಕಿದರೆ ಟ್ರಕ್ಕು ನಿಲ್ಲುತ್ತದೆ, ಹಿಂದಿನ ಟನ್ನುಗಟ್ಟಲೆ ಭಾರ ನಿಲ್ಲುವುದಿಲ್ಲ. ಅದು ಪಕ್ಕಕ್ಕೆ ತಳ್ಳಿಕೊಂಡು ಬಂದು ಎರಡನ್ನೂ ಅಡ್ಡ ಹಾಕುತ್ತದೆ. ಸ್ಟೀರಿಂಗನ್ನು ಎರಡು ಕೈಯಲ್ಲಿ ನೆಟ್ಟಗೆ ಹಿಡಿದು, ಆಕ್ಸಿಲರೇಟರಿನ ಮೇಲಿನ ಕಾಲನ್ನು ತಟಕ್ಕನೆ ತೆಗೆಯದೆ, ಮೊದಲು ಗಾಡಿಯನ್ನು ನೇರ ಮಾಡಿಕೊಳ್ಳಬೇಕು. ಆಮೇಲೆ ನಿಧಾನವಾಗಿ ವೇಗ ಇಳಿಸಬೇಕು. ಟ್ರೇಲರ್ ತೂಗಾಡುತ್ತಿದ್ದರೆ, ಟ್ರಕ್ಕಿನಲ್ಲಿ ಕೈಗೆ ಸಿಗುವಂತೆ ಇರುವ ಟ್ರೇಲರ್ ಬ್ರೇಕಿನ ಸನ್ನೆಯನ್ನು ಮೆಲ್ಲಗೆ ಒತ್ತಿದರೆ ಹಿಂದಿನದು ಹಿಂದಕ್ಕೇ ಎಳೆದು ನೆಟ್ಟಗಾಗುತ್ತದೆ. ಆ ಸನ್ನೆ ಎಲ್ಲಿದೆ ಎಂದು ಹೊರಡುವ ಮೊದಲೇ ಕೈಗೆ ರೂಢಿಯಾಗಿರಬೇಕು. ಬಾಡಿಗೆಗೆ ಕೊಡುವವರು ಹತ್ತು ನಿಮಿಷ ಫ್ರಿಜ್ಜು, ಒಲೆ ತೋರಿಸಿದರೆ, ಅದಕ್ಕಿಂತ ಮೊದಲು ಇದನ್ನು ತೋರಿಸಿ ಎಂದು ಕೇಳಿ.

ರಸ್ತೆಯಂಚಿನಲ್ಲಿ ನಿಲ್ಲಿಸಿದ ಮೇಲೂ ಅಪಾಯ ಮುಗಿದಿರುವುದಿಲ್ಲ. ಅಲ್ಲಿ ಗಾಡಿಗಳು ಬಲಗಡೆ ಓಡುವುದರಿಂದ ಎಡಗಡೆಯ ಟೈರು ಹೋದರೆ ಕೆಲಸ ಮಾಡುವವನ ಬೆನ್ನಿಗೆ ಲಾರಿಗಳು ರಭಸದಿಂದ ಹಾದುಹೋಗುತ್ತಿರುತ್ತವೆ. ನಿಂತ ತುರ್ತು ವಾಹನ ಕಂಡರೆ ಪಕ್ಕದ ಸಾಲಿಗೆ ಸರಿಯಬೇಕೆಂಬ ಕಾನೂನು ಐವತ್ತೂ ರಾಜ್ಯಗಳಲ್ಲಿದೆ. ಕೆಟ್ಟು ನಿಂತ ಗಾಡಿಗೂ ಅದನ್ನು ಎಷ್ಟೋ ರಾಜ್ಯಗಳು ವಿಸ್ತರಿಸಿವೆ. ಎಲ್ಲರೂ ಸರಿಯುತ್ತಾರೆ ಎಂದು ನಂಬುವ ಹಾಗಿಲ್ಲ. ಮಕ್ಕಳನ್ನೂ ಹಿರಿಯರನ್ನೂ ಗಾಡಿಯಿಂದ ಇಳಿಸಿ, ಬೇಲಿಯ ಆಚೆ ದೂರ ನಿಲ್ಲಿಸಿ. ಜಾಗ ಸಾಲದು ಎನಿಸಿದರೆ ನೀವೇ ಟೈರು ಬಿಚ್ಚುವ ಗೋಜಿಗೆ ಹೋಗದೆ ಸಹಾಯಕ್ಕೆ ಫೋನ್ ಮಾಡಿ.

ನೀವೇ ಬದಲಾಯಿಸುವುದಾದರೆ ಜಾಕಿಯನ್ನು ಅಚ್ಚಿನ ಕೊಳವೆಗೆ ಕೊಡಬೇಡಿ, ಅದು ಬಗ್ಗುತ್ತದೆ. ಎರಡು ಅಚ್ಚಿನ ಟ್ರೇಲರಾದರೆ ಸುಲಭ ದಾರಿಯಿದೆ. ಅದಕ್ಕೆಂದೇ ಸಿಗುವ ಇಳಿಜಾರಿನ ದಿಮ್ಮಿಯ ಮೇಲೆ ಚೆನ್ನಾಗಿರುವ ಗಾಲಿಯನ್ನು ಹತ್ತಿಸಿದರೆ ಹಾಳಾದ ಗಾಲಿ ತಾನಾಗಿಯೇ ನೆಲ ಬಿಟ್ಟು ಮೇಲೇಳುತ್ತದೆ. ನಟ್ಟುಗಳನ್ನು ಮಾತ್ರ ಗಾಲಿ ನೆಲದ ಮೇಲಿರುವಾಗಲೇ ಸಡಿಲಿಸಿಕೊಂಡಿರಬೇಕು. ಸ್ಟೆಪ್ನಿ ಹಾಕಿ ಬಿಗಿದು ಹೊರಟ ಮೇಲೆ ಎಂಬತ್ತು ಕಿಲೋಮೀಟರಿಗೆ ನಿಲ್ಲಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ. ಮುಂದಿನ ಊರಿನಲ್ಲಿ ಟೈರ್ ಅಂಗಡಿಗೆ ಹೋದಾಗ, ಸಿಡಿದದ್ದರ ಪಕ್ಕದಲ್ಲಿದ್ದ ಟೈರನ್ನೂ ಬಿಚ್ಚಿಸಿ ಬದಲಾಯಿಸಿ. ಅದು ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ನೀವು ಗಾಡಿ ನಿಲ್ಲಿಸುವ ತನಕ ಎರಡರ ಭಾರವನ್ನೂ ಅದೊಂದೇ ಹೊತ್ತಿತ್ತು.